ತೋಟದ ಮನೆಯಲ್ಲೇ ಕೂತು ಜರ್ಮನ್ ಎ1 ಪಾಸಾದೆ

ನನ್ನ ಗಂಡ ಜರ್ಮನಿಯವರು. ಅಲ್ಲಿಗೆ ಹೋಗಿ ಜೊತೆಗಿರಬೇಕು ಅಂದ್ರೆ ವೀಸಾಕ್ಕೆ ಸಾಮಾನ್ಯವಾಗಿ ಎ1 ಮಟ್ಟದ, ಅಂದ್ರೆ ಶುರುವಿನ ಹಂತದ, ಜರ್ಮನ್ ಸರ್ಟಿಫಿಕೇಟ್ ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕ್ಲಾಸೂ ಇದೆ, ಪರೀಕ್ಷೆಯೂ ಇದೆ. ನಾನಿರೋದು ಕೊಡಗಿನ ಪೊನ್ನಂಪೇಟೆ ಕಡೆಯ ಕಾಫಿ ತೋಟದಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಯ್ತು. ಆನ್‌ಲೈನ್ ಕ್ಲಾಸ್ ಅರ್ಧಕ್ಕೇ ನಿಲ್ಲುತ್ತಿತ್ತು.

ಮ್ಯಾಕ್ಸ್ ಮುಲ್ಲರ್ ಭವನ ನಡೆಸುವ ಗೊಯೆಥೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ, ಆಡಿಯೋ ಎಲ್ಲ ಪುಕ್ಕಟೆ ಸಿಗುತ್ತವೆ. ಗೋಣಿಕೊಪ್ಪಕ್ಕೆ ಸಾಮಾನು ತರಲು ಹೋದಾಗ ಅವನ್ನು ಫೋನಿಗೆ ಇಳಿಸಿಕೊಂಡೆ. ಆಮೇಲೆ ಓದೋಕೆ ನೆಟ್‌ವರ್ಕ್ ಬೇಕೇ ಆಗಲಿಲ್ಲ.

ನಿಜವಾಗಿ ಕಷ್ಟ ಆಗಿದ್ದು ಮಾತಾಡುವ ಭಾಗ. ಹೆಸರು, ಊರು, ಕೆಲಸ ಹೇಳಬೇಕು. ಹೆಸರಿನ ಅಕ್ಷರ ಬಿಡಿಸಿ ಹೇಳಿ ಅಂತಾರೆ, ಫೋನ್ ನಂಬರ್ ಕೇಳ್ತಾರೆ. ಅಲ್ಲಿ ‘ವಿ’ ಅಂದ್ರೆ ‘ಫೌ’, ‘ಜೆ’ ಅಂದ್ರೆ ‘ಯೊಟ್’. ನಮ್ಮ ಉದ್ದದ ಮನೆಹೆಸರನ್ನು ದಿನಾ ಜೋರಾಗಿ ಬಿಡಿಸಿ ಹೇಳಿದೆ. ಮುಂದಿನ ಭಾಗದಲ್ಲಿ ಚೀಟಿಯಲ್ಲಿರುವ ಪದ ನೋಡಿ ಪ್ರಶ್ನೆ ಕೇಳಬೇಕು. ಅದಕ್ಕೆ ಹಳೇ ಕ್ಯಾಲೆಂಡರ್ ಕತ್ತರಿಸಿ ಊಟ, ಮನೆ, ಭಾನುವಾರ ಅಂತ ಚೀಟಿ ಮಾಡಿದೆ. ಅವ್ವ ಬಲಗೈಯಲ್ಲಿ ಕಡಂಬುಟ್ಟಿನ ಅಕ್ಕಿ ಉಂಡೆ ಕಟ್ಟುತ್ತಾ ಎಡಗೈಯಲ್ಲಿ ಒಂದೊಂದೇ ಎತ್ತಿ ತೋರಿಸೋರು. ಜರ್ಮನ್ ಬರದಿದ್ದರೂ ನಾನು ತಡವರಿಸಿದ್ದು ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು! ಅಷ್ಟು ಒಳ್ಳೆಯ ಟೀಚರ್ ನನಗೆ ಬೇರೆ ಸಿಗುತ್ತಿರಲಿಲ್ಲ.

ರಾತ್ರಿ ಸಿಗ್ನಲ್ ಬಂದಾಗ ಗಂಡನ ಜೊತೆ ಮೊದಲ ಸ್ವಲ್ಪ ಹೊತ್ತು ಬರೀ ಜರ್ಮನ್.

100ಕ್ಕೆ 60 ಬಂದರೆ ಪಾಸು. ನನಗೆ ಜಾಸ್ತಿಯೇ ಬಂತು. ಸೀಟು ಬೇಗ ತುಂಬುತ್ತೆ, ಪರೀಕ್ಷೆ ದಿನಾಂಕ ಮೊದಲೇ ಬುಕ್ ಮಾಡಿ.