ಬ್ಯಾಂಡಿನವನಿಗೆ ಯುದ್ಧ ಕೇಳಿಸಿದ ಬಗೆ

ಪಲ್ಟನ್ ಬ್ಯಾಂಡಿನಲ್ಲಿ ಇದ್ದೆ ಅಂದ ಕೂಡಲೇ ಜನರಿಗೆ ಜನವರಿ 26ರ ಪೆರೇಡ್ ನೆನಪಾಗುತ್ತದೆ. ‘ಯುದ್ಧ ಬಂದ್ರೆ ನೀವೇನು ಮಾಡ್ತೀರಿ, ಹಿಂದೆ ನಿಂತು ಬಾರಿಸ್ತೀರಾ?’ ಅಂತ ಕೇಳಿದವರು ಎಷ್ಟೋ ಮಂದಿ. ಯುದ್ಧ ಬಂದರೆ ವಾದ್ಯಗಳು ಪೆಟ್ಟಿಗೆ ಸೇರುತ್ತವೆ, ನಾವು ಸ್ಟ್ರೆಚರ್ ಹಿಡಿಯುತ್ತೇವೆ. ನಮ್ಮ ಸೇನೆಯಲ್ಲಿ ಬ್ಯಾಂಡಿನವರಿಗೆ ಗಾಯಾಳುಗಳನ್ನು ಸಾಗಿಸುವ ತರಬೇತಿಯೂ ಇರುತ್ತದೆ. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದಲ್ಲಿ, ದ್ರಾಸ್ ಕಡೆ ನಾನು ಇದ್ದದ್ದು ಆ ಕೆಲಸಕ್ಕೆ.

ನಾನು ಸೋಮವಾರಪೇಟೆ ಕಡೆಯವನು. ಬ್ಯೂಗಲ್ ಕಲಿತದ್ದು ಸೇನೆ ಸೇರಿದ ಮೇಲೆ, ಸಂಗೀತದ ಓದು ಮಧ್ಯಪ್ರದೇಶದ ಪಚ್‌ಮಢಿಯ ಮಿಲಿಟರಿ ಸಂಗೀತ ಶಾಲೆಯಲ್ಲಿ. ಆ ಶಾಲೆ ಶುರುವಾದದ್ದು 1950ರಲ್ಲಿ. ಆಗ ಸೇನೆಯ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಕಾರ್ಯಪ್ಪನವರು. ಅಲ್ಲಿ ಇದನ್ನು ಹೇಳಿಕೊಂಡು ಸ್ವಲ್ಪ ಮೆರೆದದ್ದೂ ಉಂಟು!

ಬ್ಯಾಂಡಿನವನ ಮೈಗೆ ಮೊದಲು ಹತ್ತಿಸುವುದು ಹೆಜ್ಜೆ. ನಿಮಿಷಕ್ಕೆ ಸುಮಾರು 120, ಎಡಗಾಲು ಊರಿದಾಗ ದೊಡ್ಡ ಡ್ರಮ್. ಕೆಲವು ವರ್ಷ ಹೀಗೆ ನಡೆದರೆ ಸಂತೆಗೆ ಹೋಗುವಾಗಲೂ ಪಕ್ಕದವನ ಕಾಲಿಗೆ ನಮ್ಮ ಕಾಲು ತಾನಾಗಿಯೇ ಸೇರಿಬಿಡುತ್ತದೆ. ಸ್ಟ್ರೆಚರ್ ಹಿಡಿದಾಗ ಅದೇ ಅಭ್ಯಾಸ ಕಂಟಕ. ಮುಂದಿನವನೂ ಹಿಂದಿನವನೂ ಒಟ್ಟಿಗೆ ಎಡಗಾಲು ಹಾಕಿದರೆ ಕ್ಯಾನ್ವಾಸ್ ಜೋಲಿಯ ಹಾಗೆ ತೂಗಲು ಶುರುವಾಗುತ್ತದೆ. ಮೇಲೆ ಮಲಗಿದವನ ತೊಡೆಮೂಳೆ ಮುರಿದಿದ್ದರೆ ಪ್ರತಿ ತೂಗಿಗೂ ಅವನ ಜೀವ ಹೋಗಿ ಬರುತ್ತದೆ. ಅದಕ್ಕೆ ಮುಂದಿನವನು ಎಡಗಾಲಿನಿಂದ ಹೊರಟರೆ ಹಿಂದಿನವನು ಬಲಗಾಲಿನಿಂದ ಹೊರಡಬೇಕು. ಬೇಕೆಂದೇ ಹೆಜ್ಜೆ ತಪ್ಪಿಸಬೇಕು. ಉಳಿದ ಸಿಪಾಯಿಗಳಿಗೆ ಇದು ಬೇಗ ಬರುತ್ತಿತ್ತು, ಬ್ಯಾಂಡಿನವರಿಗೇ ಕಷ್ಟ.

ನಾನು ಕಂಡುಕೊಂಡ ದಾರಿ ಇಷ್ಟು. ನನ್ನ ಜೊತೆ ಸ್ಟ್ರೆಚರ್ ಹಿಡಿಯುತ್ತಿದ್ದವನು ಸೈಡ್ ಡ್ರಮ್ಮಿನವನು, ಕೇರಳದ ಹುಡುಗ. ಅವನಿಗೆ ಹೇಳಿದೆ: ನಾನು ತಾಳದ ಮೇಲೆ ನಡೆಯುತ್ತೇನೆ, ನೀನು ಎರಡು ತಾಳದ ನಡುವೆ ಬಾ. ಡ್ರಮ್ಮಿನವನಲ್ವಾ, ತಕ್ಷಣ ಹಿಡಿದ. ಸಮತಟ್ಟು ದಾರಿಯಲ್ಲಿ ಇದು ಚೆನ್ನಾಗಿ ನಡೆಯುತ್ತಿತ್ತು. ಕಡಿದಾದ ಜಾಗಕ್ಕೆ ಬಂದರೆ ಹೆಜ್ಜೆಯೂ ಇಲ್ಲ, ತಾಳವೂ ಇಲ್ಲ. ಅಲ್ಲಿ ಸ್ಟ್ರೆಚರ್ ಕೈಯಿಂದ ಕೈಗೆ ದಾಟಬೇಕು, ಕಲ್ಲಿನ ಮೇಲೆ ಕೂತು ಜಾರಬೇಕು. ಅಷ್ಟು ಎತ್ತರದ ಗಾಳಿಯಲ್ಲಿ ಬ್ಯೂಗಲ್ ಊದಿ ಪಳಗಿದ ಪುಪ್ಪುಸಕ್ಕೂ ಉಸಿರು ಸಾಲುತ್ತಿರಲಿಲ್ಲ.

ಗಾಯಾಳುವಿಗೆ ಎಚ್ಚರ ತಪ್ಪಬಾರದು ಅಂತ ದಾರಿಯುದ್ದಕ್ಕೂ ಮಾತಾಡಿಸುತ್ತಾ ಇರುತ್ತೇವೆ. ಒಂದು ರಾತ್ರಿ ಹೊಟ್ಟೆಗೆ ಶೆಲ್ಲಿನ ಚೂರು ಬಡಿದಿದ್ದ ಒಬ್ಬ ಜವಾನನನ್ನು ಇಳಿಸುತ್ತಿದ್ದೆವು. ಬ್ಯಾಂಡಿನವರು ಅಂತ ಅವನಿಗೆ ಗೊತ್ತಿತ್ತು. ‘ಹಾಡಲಾ?’ ಅಂತ ಕೇಳಿದೆ. ‘ಹಾಡು ಬೇಡ ಉಸ್ತಾದ್, ಎಣಿಸುತ್ತಾ ಇರಿ ಸಾಕು’ ಅಂದ. ಹಿಂದಿಯಲ್ಲಿ ಒಂದರಿಂದ ನೂರು, ಮತ್ತೆ ಒಂದರಿಂದ ನೂರು. ನಾನು ನಿಲ್ಲಿಸಿದರೆ ಕಣ್ಣು ಬಿಡುತ್ತಿದ್ದ. ಹಾಡಾಗಿದ್ದರೆ ಮನೆ ನೆನಪಾಗುತ್ತಿತ್ತೋ ಏನೋ. ಕೇಳಲಿಲ್ಲ. ಆಮೇಲೆ ನಾನು ಯಾರಿಗೂ ಹಾಡಲು ಹೋಗಲಿಲ್ಲ. ಎಣಿಸುತ್ತಿದ್ದೆ ಅಷ್ಟೆ.

ಇನ್ನು ಕಿವಿ. ದ್ರಾಸ್‌ಗೆ ಬಂದ ಹೊಸಬರಿಗೆ ಎಲ್ಲ ಸದ್ದೂ ಒಂದೇ. ಕೆಲವು ದಿನದಲ್ಲೇ ನಮ್ಮ ಫಿರಂಗಿ ಹೊರಟ ಸದ್ದು ಯಾವುದು, ಅವರ ಶೆಲ್ ಬರುವ ಸದ್ದು ಯಾವುದು ಅಂತ ಮೈಗೇ ಗೊತ್ತಾಗುತ್ತದೆ. ನಮ್ಮ ಬೋಫೋರ್ಸ್ ಫಿರಂಗಿ ಗುಡುಗುತ್ತಿದ್ದರೆ ಹಾಯಾಗಿ ನಿದ್ದೆ ಬರುತ್ತಿತ್ತು, ನಿಂತರೆ ಎಚ್ಚರ ಆಗುತ್ತಿತ್ತು. ಆ ಯುದ್ಧದಲ್ಲಿ ನಮ್ಮ ಕಡೆಯಿಂದ ಹಾರಿದ ಶೆಲ್, ಬಾಂಬ್, ರಾಕೆಟ್ ಸುಮಾರು 2.5 ಲಕ್ಷ ಅನ್ನುತ್ತಾರೆ. ಅದರ ಕೆಳಗೆ ಮಲಗಿದವರಿಗೆ ಆ ಲೆಕ್ಕ ಜಾಸ್ತಿ ಅನಿಸುವುದಿಲ್ಲ.

ಗುಂಡಿನ ಸದ್ದು ಎರಡು ಸಲ ಕೇಳುತ್ತದೆ. ಗುಂಡು ಸದ್ದಿಗಿಂತ ವೇಗ. ಅದಕ್ಕೇ ತಲೆಯ ಹತ್ತಿರ ಹಾದಾಗ ಮೊದಲು ಚಟ್ ಅಂತ ಒಂದು ಸಿಡಿತ, ಆಮೇಲೆ ದೂರದ ಬಂದೂಕಿನ ಧಬ್. ನಡುವೆ ಒಂದು ಸೆಕೆಂಡ್ ಇದ್ದರೆ ಹೊಡೆದವನು ಹೆಚ್ಚು ಕಡಿಮೆ 600 ಮೀಟರ್ ಆಚೆ ಇದ್ದಾನೆ. ತಾಳ ಎಣಿಸಿ ರೂಢಿ ಇದ್ದವರಿಗೆ ಈ ಲೆಕ್ಕ ಸಲೀಸು. ಆದರೆ ಯಾವ ದಿಕ್ಕು ಅಂತ ಮಾತ್ರ ಕೇಳಬೇಡಿ. ಆ ಬೋಳು ಗುಡ್ಡಗಳಲ್ಲಿ ಒಂದು ಸದ್ದು ಮೂರು ಕಡೆಯಿಂದ ವಾಪಸ್ ಬರುತ್ತದೆ. ಮೋರ್ಟಾರ್ ಬೇರೆಯೇ. ಅದು ಸದ್ದಿಗಿಂತ ನಿಧಾನ. ದೂರದಲ್ಲಿ ಟುಪ್ ಅನ್ನುತ್ತದೆ, ಆಮೇಲೆ ಏನೂ ಇಲ್ಲ. ಬಾಂಬ್ ಎಲ್ಲಿ ಬೀಳುತ್ತದೆ ಅಂತ ಎಲ್ಲರೂ ಬಾಯಿ ಮುಚ್ಚಿ ಕಾಯುವ ಹೊತ್ತು ಅದು. ನನಗೆ ಶೆಲ್‌ಗಿಂತ ಅದರ ಭಯವೇ ಜಾಸ್ತಿ ಇತ್ತು.

ದಾಳಿ ಶುರುವಾಗುವುದು ಗದ್ದಲದಿಂದಲ್ಲ. ರಾತ್ರಿ ಹತ್ತುವಾಗ ಮಾತು, ಕೆಮ್ಮು, ಬೀಡಿ ಎಲ್ಲ ಬಂದ್. ನೀರಿನ ಬಾಟಲಿ ಕಲ್ಲಿಗೆ ತಾಗಿದರೂ ಬೈಗುಳ. ಗಂಟೆಗಟ್ಟಲೆ ಹಾಗೆ ಹತ್ತಿ, ಬಂಕರ್ ಕೆಲವೇ ಗಜ ದೂರ ಇದೆ ಅನ್ನುವಾಗ ಒಮ್ಮೆಲೇ ಯುದ್ಧಘೋಷ. ಜಮ್ಮು ಕಾಶ್ಮೀರ್ ರೈಫಲ್ಸ್‌ನವರದ್ದು ‘ದುರ್ಗಾ ಮಾತಾ ಕೀ ಜೈ’, ರಾಜಪುತಾನಾ ರೈಫಲ್ಸ್‌ನವರದ್ದು ‘ರಾಜಾ ರಾಮಚಂದ್ರ ಕೀ ಜೈ’. ಕೆಳಗೆ ಸ್ಟ್ರೆಚರ್ ಇಟ್ಟುಕೊಂಡು ಕೂತ ನಮಗೆ ಅದು ರೇಡಿಯೊ ಸೆಟ್ಟಿನಲ್ಲಿ ಒಡಕು ಒಡಕಾಗಿ ಕೇಳುತ್ತಿತ್ತು. ಘೋಷ ಕೇಳಿತೆಂದರೆ ನಮ್ಮ ಕೆಲಸ ಶುರುವಾಯಿತು ಅಂತ ಅರ್ಥ. ಅದನ್ನು ಕೇಳಿ ನಮಗ್ಯಾರಿಗೂ ಮೈ ಜುಮ್ ಅನ್ನಲಿಲ್ಲ. ಎದ್ದು ಬೂಟಿನ ಲೇಸ್ ಬಿಗಿ ಮಾಡಿಕೊಳ್ಳುತ್ತಿದ್ದೆವು.

ಸಂಗೀತ ಅಂತ ನಮಗಿದ್ದದ್ದು ಒಂದು ಚಿಕ್ಕ ಟ್ರಾನ್ಸಿಸ್ಟರ್. ವಿವಿಧ ಭಾರತಿಯಲ್ಲಿ ಫೌಜಿಗಳಿಗೆಂದೇ ‘ಜಯಮಾಲಾ’ ಬರುತ್ತದೆ, ಕೇಳಿರುತ್ತೀರಿ. ಚಳಿಗೆ ಸೆಲ್ ಬೇಗ ಸಾಯುತ್ತಿತ್ತು. ಹಗಲೆಲ್ಲ ಸೆಲ್ಲುಗಳನ್ನು ಬನಿಯನ್ ಒಳಗೆ ಇಟ್ಟುಕೊಂಡು ಸಂಜೆ ಹಾಕುತ್ತಿದ್ದೆವು. ಒಬ್ಬ ಹವಾಲ್ದಾರರ ಹತ್ತಿರ ರಾಜ್‌ಕುಮಾರ್ ಹಾಡುಗಳ ಕ್ಯಾಸೆಟ್ ಇತ್ತು, ಕನ್ನಡ ಬಾರದವರೂ ಗುನುಗುವಷ್ಟು ಅದನ್ನು ತಿರುಗಿಸಿದ್ದೆವು. ಯಾರೂ ದೇಶಭಕ್ತಿ ಗೀತೆ ಕೇಳುತ್ತಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಪ್ರೇಮಗೀತೆ.

ಬ್ಯೂಗಲ್ ಹೊರಗೆ ಬಂದದ್ದು ಹೋದವರನ್ನು ಕಳಿಸಿಕೊಡುವಾಗ. ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ತುಟಿ, ಉಸಿರಿನಲ್ಲೇ ಐದು ಸ್ವರ ಹೊರಡಿಸಬೇಕು. ತೀರಿಕೊಂಡ ಸೈನಿಕನನ್ನು ಬೀಳ್ಕೊಡಲು ಊದುವ ‘ಲಾಸ್ಟ್ ಪೋಸ್ಟ್’ ಇರುವುದೂ ಆ ಐದರಲ್ಲೇ. ‘ಶೋಕ್ ಶಸ್ತ್ರ’ ಆಜ್ಞೆ ಬಿದ್ದು ಬಂದೂಕುಗಳು ಕೆಳಮುಖ ಆದ ಮೇಲೆ ಸುತ್ತ ಒಂದು ಸದ್ದೂ ಇರುವುದಿಲ್ಲ. ಮೇಲಿನ ಉದ್ದ ಸ್ವರ ನಡುಗಿದರೆ ಎಲ್ಲರಿಗೂ ಕೇಳುತ್ತದೆ. ನಾನು ಪೆಟ್ಟಿಗೆಯನ್ನಾಗಲಿ ಮುಖಗಳನ್ನಾಗಲಿ ನೋಡುತ್ತಿರಲಿಲ್ಲ. ಎದುರು ಗುಡ್ಡದ ಒಂದು ಕಲ್ಲನ್ನು ಗುರುತು ಮಾಡಿಕೊಂಡು ಅಲ್ಲಿಗೆ ಊದುತ್ತಿದ್ದೆ. ಅಳು ಬಂದರೆ ಗಂಟಲು ಬಿಗಿಯುತ್ತದೆ, ಗಂಟಲು ಬಿಗಿದರೆ ಸ್ವರ ಒಡೆಯುತ್ತದೆ. ಊದಿ ಮುಗಿದ ಮೇಲೆ ಬೇಕಾದರೆ ಅಳಬಹುದು.

ಮುಂದಿನ ಚಳಿಗಾಲ ಇನ್ನೂ ಕಷ್ಟದ್ದು. ತಣ್ಣಗಿನ ಲೋಹ ತುಟಿಯ ಸಿಪ್ಪೆ ಕಿತ್ತುಕೊಂಡು ಬರುತ್ತದೆ. ಮೌತ್‌ಪೀಸನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಲ್ಲಬೇಕು. ರಾತ್ರಿ ತುಟಿಗೆ ತುಪ್ಪ, ಊದುವ ಮೊದಲು ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಜಾರುತ್ತದೆ. ಚಳಿಯಲ್ಲಿ ಸ್ವರವೂ ಇಳಿಯುತ್ತದೆ. ಕೊಳವೆಯೊಳಗಿನ ಗಾಳಿ 20 ಡಿಗ್ರಿಯಿಂದ ಮೈನಸ್ 10ಕ್ಕೆ ಬಂದರೆ ಹತ್ತಿರ ಹತ್ತಿರ ಅರ್ಧ ಸ್ವರ ಕೆಳಗೆ. ಒಬ್ಬನೇ ಊದಿದರೆ ಯಾರಿಗೂ ಗೊತ್ತಾಗದು. ಇಬ್ಬರು ನಿಂತು, ಒಬ್ಬನ ಬ್ಯೂಗಲ್ ಕೋಟಿನೊಳಗೆ, ಇನ್ನೊಬ್ಬನದ್ದು ಹೊರಗೆ ಇದ್ದರೆ ಎರಡೂ ಕಚ್ಚಾಡುತ್ತವೆ. ಇಬ್ಬರದ್ದೂ ಒಳಗಿರಲಿ, ಇಲ್ಲಾ ಇಬ್ಬರದ್ದೂ ಹೊರಗಿರಲಿ.

ನನ್ನ ಎಡಗಿವಿಯಲ್ಲಿ ಈಗಲೂ ಒಂದು ಸಣ್ಣ ಶಿಳ್ಳೆ ನಿಲ್ಲದೆ ಕೇಳುತ್ತದೆ. ಮಗಳ ಕೀಬೋರ್ಡ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ಒಂದು ಚರ್ಚಿನ ಪಿಯಾನೊದಲ್ಲಿ ಸಿಕ್ಕಿತು, ಬಲತುದಿಯ ಕೊನೆಯ ಕೀ. ಅದರ ಕಂಪನ ಸೆಕೆಂಡಿಗೆ ಸುಮಾರು 4,186. ದೊಡ್ಡ ಸದ್ದಿಗೆ ಕಿವಿ ಮೊದಲು ಕೆಡುವುದು 4,000ದ ಆಸುಪಾಸಿನಲ್ಲೇ ಅಂತ ಡಾಕ್ಟರ್ ಹೇಳಿದರು. ‘ಶೆಲ್ ಶಾಕ್’, ಅಂದರೆ ಯುದ್ಧದಿಂದ ಸೈನಿಕರ ಮನಸ್ಸಿಗೆ ಆಗುವ ಆಘಾತದ ಬಗ್ಗೆ 1915ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಚಾರ್ಲ್ಸ್ ಮೈಯರ್ಸ್ ಮೊದಲು ಸಂಗೀತ ಮತ್ತು ಕೇಳುವಿಕೆಯ ಮೇಲೆ ಕೆಲಸ ಮಾಡಿದವರಂತೆ. ಓದಿ ಖುಷಿಯಾಯಿತು, ಯಾಕೋ.

ಈಗ ತಾಲ್ಲೂಕಿನಲ್ಲಿ ಮಾಜಿ ಸೈನಿಕರು ತೀರಿಕೊಂಡರೆ ಮನೆಯವರು ನನಗೆ ಫೋನ್ ಮಾಡುತ್ತಾರೆ. ಕೆಲವು ಕಡೆ ಮೊಬೈಲಿನಿಂದ ಸ್ಪೀಕರ್‌ಗೆ ಹಾಕಿ ‘ಲಾಸ್ಟ್ ಪೋಸ್ಟ್’ ಕೇಳಿಸುವುದೂ ಶುರುವಾಗಿದೆ. ಅಮೆರಿಕದಲ್ಲಿ ಊದುವವರು ಸಾಲದೆ 2003ರಿಂದ ಬ್ಯೂಗಲ್ ಒಳಗೇ ರೆಕಾರ್ಡ್ ಆದ ಸದ್ದು ಬರುವ ಯಂತ್ರ ಇಟ್ಟಿದ್ದಾರೆ. ಕೈಯಲ್ಲಿ ಹಿಡಿದು ಊದಿದಂತೆ ನಿಂತರೆ ಸಾಕು. ಬೇಡ ಅನ್ನಲಾರೆ. ಯಾರೂ ಇಲ್ಲದಿದ್ದರೆ ಅದೂ ಆಗಬಹುದು. ಆದರೆ ನಾನು ಬದುಕಿರುವಾಗ ಇಲ್ಲಿ ಅದರ ಅಗತ್ಯ ಇಲ್ಲ, ಬಸ್ ಚಾರ್ಜ್ ಕೊಟ್ಟರೂ ಬರುತ್ತೇನೆ, ಕೊಡದಿದ್ದರೂ ಬರುತ್ತೇನೆ. ಹೈಸ್ಕೂಲಿನ ಇಬ್ಬರು ಹುಡುಗರು ಕಲಿಯಲು ಬರುತ್ತಿದ್ದಾರೆ. ಮೀರತ್‌ನಿಂದ ಒಂದು ಬ್ಯೂಗಲ್ ತರಿಸಿದ್ದೇನೆ. ಸದ್ಯಕ್ಕೆ ಮೂರು ಸ್ವರ ಹೊರಡುತ್ತಿವೆ.