ಬಿಡಿ ಹಲ್ಲಿನಿಂದ ಬೇಟೆ ಪ್ರಾಣಿಯ ವಂಶ ಹುಡುಕುವುದು: ನನ್ನ ಅನುಭವ

ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯ ಜೇಡಿಮಣ್ಣಿನಲ್ಲಿ ಐದು ಕೋಟಿ ವರ್ಷಕ್ಕೂ ಹಳೆಯ ಸಸ್ತನಿಗಳ ಹಲ್ಲು, ಮೂಳೆ ಸಿಗುತ್ತವೆ. ಇಡೀ ತಲೆಬುರುಡೆ ಸಿಗುವುದು ಅಪರೂಪ. ಹಾಗಾಗಿ ನಾನು ಜಾಸ್ತಿ ಹೊತ್ತು ಕೂರುವುದು ಬಿಡಿ ಹಲ್ಲುಗಳ ಮುಂದೆ.

ಮಣ್ಣನ್ನು ಮೊದಲು ಚೆನ್ನಾಗಿ ಒಣಗಿಸುತ್ತೇನೆ. ಹಸಿ ಜೇಡಿ ನೀರಿನಲ್ಲಿ ಸುಲಭಕ್ಕೆ ಬಿಡುವುದಿಲ್ಲ, ಒಣಗಿದ್ದು ನೆನೆಹಾಕಿದರೆ ತಾನಾಗಿ ಕುಸಿಯುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಮೆಲ್ಲಗೆ ತೊಳೆಯಬೇಕು, ಉಜ್ಜಬಾರದು. ಉಳಿದದ್ದನ್ನು ಮೈಕ್ರೋಸ್ಕೋಪ್ ಕೆಳಗೆ ಹರಡಿ, ಒದ್ದೆ ಬ್ರಷ್ಷಿನ ತುದಿಯಿಂದ ಹಲ್ಲು ಎತ್ತುತ್ತೇನೆ.

ಮಾಂಸ ಸೀಳುವ ಹಲ್ಲಿಗೆ ಕತ್ತರಿಯಂತೆ ಅಲಗು ಇರುತ್ತದೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಆದರೆ ಬಾಯಿಯಲ್ಲಿ ಅದು ಎಷ್ಟನೆಯ ಹಲ್ಲು? ವಂಶ ತೀರ್ಮಾನವಾಗುವುದು ಅಲ್ಲೇ. ನಾಯಿ, ಬೆಕ್ಕು, ಕರಡಿಗಳ ಗುಂಪಾದ ಕಾರ್ನಿವೋರಾದಲ್ಲಿ ಮೇಲಿನ ಕೊನೆಯ ಮುಂದವಡೆ ಹಲ್ಲು (ದವಡೆ ಹಲ್ಲುಗಳಿಗಿಂತ ಮುಂದಿರುವುದು) ಮತ್ತು ಕೆಳಗಿನ ಮೊದಲ ದವಡೆ ಹಲ್ಲು ಸೇರಿ ಸೀಳುತ್ತವೆ. ಈಗ ಅಳಿದುಹೋಗಿರುವ ಬೇಟೆ ಸಸ್ತನಿಗಳಾದ ಹಯೆನೊಡಾಂಟ್‌ಗಳಲ್ಲಿ ಅಲಗು ಹಿಂದಕ್ಕೆ ಹೋಗಿದೆ. ಕೆಳಗಿನ ಮೂರನೆಯ ದವಡೆ ಹಲ್ಲೇ ಸಾಮಾನ್ಯವಾಗಿ ಎಲ್ಲಕ್ಕಿಂತ ಜೋರು.

ಸ್ಥಾನ ತಿಳಿಯಲು ನಾನು ಹಲ್ಲಿನ ಎರಡೂ ತುದಿಗೆ ಓರೆ ಬೆಳಕು ಬಿಡುತ್ತೇನೆ. ಅಕ್ಕಪಕ್ಕದ ಹಲ್ಲುಗಳು ಒಂದಕ್ಕೊಂದು ತಾಗಿ ಸವೆದಲ್ಲಿ ಪುಟ್ಟ ಚಪ್ಪಟೆ ಹೊಳಪು ಕಾಣುತ್ತದೆ. ಹಿಂದುಗಡೆ ಆ ಹೊಳಪಿದ್ದರೆ ಅದರ ಹಿಂದೆ ಇನ್ನೊಂದು ಹಲ್ಲಿತ್ತು ಎಂದರ್ಥ. ಅಲಗು ಸವೆದಿದ್ದೂ ಹಿಂದುಗಡೆ ಗುರುತಿಲ್ಲದಿದ್ದರೆ ಅದು ಕೊನೆಯದೇ ಇರಬೇಕು, ಹಯೆನೊಡಾಂಟ್ ಕಡೆಗೆ ವಾಲುತ್ತೇನೆ. ಮರಿಯ ಸವೆಯದ ಹಲ್ಲಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ವಸ್ತಾನಿನ ಹಯೆನೊಡಾಂಟ್ ಆದ ಇಂಡೋಹಯೆನೊಡಾನ್ ರಾವೋಯಿಗೆ 2009ರಲ್ಲಿ ಹೆಸರಿಟ್ಟರು. ಹೋಲಿಕೆಗೆ ನಾನು ಸದಾ ತೆಗೆಯುವುದು ಬೆಲ್ಜಿಯಂನ ಡೊರ್ಮಾಲ್‌ನ ಡೊರ್ಮಾಲೊಸಯಾನ್‌. ಕಾರ್ನಿವೋರಾದ ಬುಡಕ್ಕೆ ಹತ್ತಿರದ ಪುಟ್ಟ ಪ್ರಾಣಿ, ಸುಮಾರು 5.5 ಕೋಟಿ ವರ್ಷ ಹಳೆಯದು. 2014ರ ಅಧ್ಯಯನದಲ್ಲಿ 250ಕ್ಕೂ ಹೆಚ್ಚು ಹೊಸ ಹಲ್ಲುಗಳಿದ್ದವು, ಪಾದದ ಕೀಲಿನ ಮೂಳೆಗಳೂ ಇದ್ದವು. ಅದು ಮರ ಹತ್ತುತ್ತಿತ್ತು ಎಂದು ಹೇಳಿದ್ದು ಆ ಮೂಳೆಗಳು. ಒಂದು ರಾಶಿ ಹಲ್ಲಿದ್ದರೂ ಕಾಲಿನ ಮೂಳೆ ಬೇಕೇ ಬೇಕು, ಅಲ್ವಾ?

ಹಯೆನೊಡಾಂಟ್‌ಗಳನ್ನೂ ಅಳಿದುಹೋದ ಇನ್ನೊಂದು ಬೇಟೆ ಗುಂಪಾದ ಆಕ್ಸಿಯೆನಿಡ್‌ಗಳನ್ನೂ ಹಿಂದೆ ಕ್ರಿಯೊಡಾಂಟ್ ಎಂದು ಒಟ್ಟಿಗೆ ಸೇರಿಸುತ್ತಿದ್ದರು. ಆಕ್ಸಿಯೆನಿಡ್‌ಗಳಲ್ಲಿ ಸೀಳುವ ಜೋಡಿ ಮೇಲಿನ ಒಂದನೆಯ, ಕೆಳಗಿನ ಎರಡನೆಯ ದವಡೆ ಹಲ್ಲು. ಮೂರು ಗುಂಪಿಗೂ ಮೂರು ಬೇರೆ ಜಾಗ. ಅಲಗು ಬೇರೆ ಬೇರೆಯಾಗಿಯೇ ಹುಟ್ಟಿತು ಎಂದು ನಾನು ಒಪ್ಪುವುದು ಇದಕ್ಕೇ. ಹಯೆನೊಡಾಂಟ್‌ಗಳು ನಾಯಿ-ಬೆಕ್ಕುಗಳ ಅಜ್ಜಂದಿರಲ್ಲ. ನಮ್ಮ ಶಿವಾಲಿಕ್ ಬೆಟ್ಟಗಳ ಡಿಸ್ಸೊಪ್ಸಾಲಿಸ್ ಹಯೆನೊಡಾಂಟ್‌ಗಳ ಕೊನೆಯ ಕುಡಿಗಳಲ್ಲಿ ಒಂದು. ಆಮೇಲೆ ಆ ವಂಶವೇ ಅಳಿಯಿತು.