ಬೀಜದ ಹೋರಿ ಕೊಳ್ಳುವ ಮುಂಚೆ ಕಾಲು ನೋಡಿ

ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕಂಡರೆ ನಮ್ಮ ಕಣ್ಣು ಮೊದಲು ಹೋಗುವುದು ಕೊಂಬಿಗೆ, ಆಮೇಲೆ ಬಣ್ಣಕ್ಕೆ. ಆದರೆ ಬೀಜಕ್ಕೆ ಅಂತ ತರುವ ಹೋರಿಗೆ ಕಾಲೇ ಮುಖ್ಯ, ಅದರಲ್ಲೂ ಹಿಂಗಾಲು. ಹಸುವಿನ ಮೇಲೆ ಹಾರುವಾಗ ಮೈಭಾರವೆಲ್ಲ ಬೀಳುವುದು ಆ ಎರಡು ಕಾಲಿನ ಮೇಲೆ ಅಲ್ವಾ? ಕಾಲಿನ ದೋಷ ಕರುಗಳಿಗೂ ಬರುತ್ತದೆ.

ಮೊದಲು ಹುಲ್ಲಿಲ್ಲದ, ಗಟ್ಟಿಯಾದ, ಸಮನಾದ ನೆಲಕ್ಕೆ ಕರೆತರಲು ಹೇಳಿ. ಬೇಬಿ ಬೆಟ್ಟದ ಜಾತ್ರೆಯಲ್ಲಿ ನಾನೊಮ್ಮೆ ಮೊಣಕಾಲುದ್ದ ಹುಲ್ಲು ಹರಡಿದ ಜಾಗದಲ್ಲೇ ನೋಡಿ ವ್ಯಾಪಾರ ಮುಗಿಸಿಬಿಟ್ಟೆ. ಊರಿಗೆ ಬಂದು ಟೆಂಪೋದಿಂದ ಇಳಿಸಿದಾಗ ನೋಡಿದರೆ ಹಿಂಗಾಲಿನ ಗೆಣ್ಣುಗಳು (ಕಾಲಿನ ನಡುವೆ ಹಿಂದಕ್ಕೆ ಚಾಚಿರುವ ಕೀಲು) ಒಂದಕ್ಕೊಂದು ಉಜ್ಜುವಷ್ಟು ಒಳಕ್ಕೆ ಬಾಗಿದ್ದವು, ನಡೆದರೆ ಪಾದ ಎರಡೂ ಹೊರಗೆ ತಿರುಗುತ್ತಿದ್ದವು. ಗೊರಸು ಸ್ವಲ್ಪ ಹೊರಗೆ ತಿರುಗಿದ್ದರೆ ಚಿಂತೆಯಿಲ್ಲ, ಗೆಣ್ಣು ಉಜ್ಜಿದರೆ ಬೇಡ.

ಈಗ ಪಕ್ಕದಲ್ಲಿ ನಿಲ್ಲಿ. ಬಾಲದ ಬುಡದ ಪಕ್ಕ ಚಾಚಿರುವ ಮೂಳೆಯ ತುದಿಯಿಂದ, ಗಾರೆಯವರು ಗುಂಡು ಇಳಿಬಿಡುತ್ತಾರಲ್ಲ, ಹಾಗೆ ಒಂದು ದಾರ ಬಿಟ್ಟಂತೆ ಅಂದುಕೊಳ್ಳಿ. ಅದು ಗೆಣ್ಣಿನ ಹಿಂಬದಿಯನ್ನು ಸವರಿಕೊಂಡು ಇಳಿಯಬೇಕು. ಕಾಲು ಕುಡುಗೋಲಿನ ಹಾಗೆ ಬಾಗಿ ಪಾದ ಹೊಟ್ಟೆಯ ಕೆಳಗೆ ಹೋಗಿದ್ದರೆ ಸರಿಯಿಲ್ಲ. ಆದರೆ ನನಗೆ ಜಾಸ್ತಿ ಭಯ ಗೂಟದ ಹಾಗೆ ನೆಟ್ಟಗಿರುವ ಕಾಲು. ಹೋರಿ ಎತ್ತರ ಕಾಣುತ್ತದೆ ಅಂತ ಜನ ಮೆಚ್ಚುತ್ತಾರೆ, ಆದರೆ ಅದಕ್ಕೆ ಬಳುಕೇ ಇರುವುದಿಲ್ಲ, ಪ್ರತಿ ಹೆಜ್ಜೆಯ ಏಟೂ ಗೆಣ್ಣಿಗೇ ತಾಗಿ ಕೊನೆಗೆ ನೀರು ತುಂಬಿ ಊದಿಕೊಳ್ಳುತ್ತದೆ.

ಮುಂಗಾಲನ್ನು ಎದುರಿನಿಂದ ನೋಡಿ: ಭುಜದ ತುದಿ, ಮಂಡಿಯ ನಡು, ಗೊರಸಿನ ನಡು ಒಂದೇ ಗೆರೆಯಲ್ಲಿರಬೇಕು. ಪಕ್ಕದಿಂದ ನೋಡಿದರೆ, ಗೊರಸಿಗೆ ತಾಗಿ ಮೇಲಿರುವ ಕಾಲಿನ ಭಾಗ ನೆಲಕ್ಕೆ ಸುಮಾರು 45ರಿಂದ 50 ಡಿಗ್ರಿ ಓರೆ ಇದ್ದರೆ ಚೆಂದ. ಗೊರಸಿನ ಹಿಂಬದಿ ಸ್ವಲ್ಪ ಮೇಲಿರುವ ಸಣ್ಣ ಗೊರಸುಗಳು ನೆಲಕ್ಕೆ ತಾಗುವಂತಿದ್ದರೆ ಕಾಲು ಸೋತಿದೆ ಅಂತಲೇ ಲೆಕ್ಕ.

ಗೊರಸನ್ನು ಕೈಯಿಂದ ಮುಟ್ಟಿ ನೋಡಿ. ಕಪ್ಪಗೆ ಗಟ್ಟಿಯಾಗಿ, ಎರಡು ಹೋಳೂ ಒಂದೇ ಅಳತೆಯಲ್ಲಿರಬೇಕು. ಒಂದು ಕಡೆ ಮಾತ್ರ ಸವೆದಿದ್ದರೆ ಹೋರಿ ಆ ಕಡೆಗೇ ಭಾರ ಹಾಕಿ ನಡೆಯುತ್ತಿದೆ. ಕತ್ತರಿಸದೆ ಸುಮ್ನೆ ಉದ್ದ ಬೆಳೆದ ಗೊರಸಾದರೆ ಸರಿಮಾಡಿಸಬಹುದು.

ಇನ್ನು ನಡೆಸಿ. ಒಂದು ಬಿಂದಿಗೆ ನೀರು ತಂದು ಮಣ್ಣಿನ ಮೇಲೆ ಚೆಲ್ಲಿ ಅದರ ಮೇಲೆ ಹೋರಿಯನ್ನು ನಿಧಾನವಾಗಿ ಕರೆದುಕೊಂಡು ಹೋಗಲು ಹೇಳಿ. ಮುಂಗಾಲು ಬಿಟ್ಟ ಗುರುತಿನ ಮೇಲೆ ಅಥವಾ ಅದಕ್ಕೆ ಹತ್ತಿರ ಹಿಂಗಾಲು ಬೀಳಬೇಕು. ಒಂದು ಗೇಣು ಹಿಂದೆ ಬಿದ್ದರೆ ಎಲ್ಲೋ ಬಿಗಿತ ಇದೆ.

ಕೊನೆಗೆ ಮಲಗಿರುವ ಹೋರಿ ಏಳುವವರೆಗೂ ಕಾಯಿರಿ, ಅರ್ಧ ಗಂಟೆ ಹೋದರೂ ಹೋಗಲಿ. ದನ ಹಿಂಗಾಲು ಮೊದಲು ಎತ್ತಿ ಏಳುತ್ತದೆ. ಆಗ ಕಾಲು ನಡುಗಿದರೆ ಬೆಲೆ ಎಷ್ಟೇ ಇಳಿಸಿದರೂ ಹಗ್ಗ ಹಿಡಿಯಬೇಡಿ.